ಸೀಸದ ಗಟ್ಟಿಗೆ ಹಸಿ ಬಣ್ಣ

ಶನಿವಾರ, ಜೂನ್ 14, ಮಧ್ಯಾಹ್ನ 1.20. ಕಾರು ಓಟದ ಟ್ರ್ಯಾಕಾದ ಬ್ರಶಿ ಕ್ರೀಕ್ ಸ್ಪೀಡ್‌ವೇಯಿಂದ ಶೆರಿಫ್ ಕಚೇರಿಗೆ ಫೋನ್ ಬಂತು. ಟಿಕೆಟ್ ಕೊಡುವ ಮೇವಿಸ್ ಅಳುತ್ತಲೇ ದೂರು ಹೇಳಿದಳು: "ಹಾರ್ಲನ್‌ನ ಯಾರೋ ಚಚ್ಚಿ ಹಾಕಿದ್ದಾರೆ. ಮುಖಾನೇ ಇಲ್ಲ ಕಣ್ರೀ!"

1.45ಕ್ಕೆ ಸಾರ್ಜೆಂಟ್ ವಾಂಡಾ ಹಫ್‌ಸ್ಟೆಟ್ಲರ್ ಮತ್ತು ಡೆಪ್ಯುಟಿ ಒಡೆಲ್ ಸ್ಥಳ ತಲುಪಿದರು. ಓಟಕ್ಕೆ ಮುಂಚೆ ಕಾರುಗಳನ್ನು ತೂಗಿ ತಪಾಸಣೆ ಮಾಡುವ ಶೆಡ್ಡಿನಲ್ಲಿ ಹಾರ್ಲನ್ ಸೆಟ್ಜರ್ ಬಿದ್ದಿದ್ದ. ಹತ್ತೊಂಬತ್ತು ವರ್ಷಗಳಿಂದ ಇಲ್ಲಿಯ ತಪಾಸಣೆ ಅವನದೇ. ದವಡೆ ಮುರಿದಿತ್ತು, ತಲೆಬುರುಡೆ ಒಳಕ್ಕೆ ಕುಸಿದಿತ್ತು, ಗೋಡೆಗೆಲ್ಲ ರಕ್ತ ಸಿಡಿದಿತ್ತು. ಬಿದ್ದ ಮೇಲೂ ಬಿಟ್ಟಿರಲಿಲ್ಲ ಆ ಪಾಪಿ. ಒಡೆಲ್ ಮಹಜರು ಬರೆದ: ಏಳು ಏಟು, ಚೌಕ ಅಂಚಿನ ಭಾರದ ವಸ್ತು, ಗಾಯದಲ್ಲಿ ಬಿಳಿ ಬಣ್ಣದ ಚಕ್ಕೆ.

ಈ ಟ್ರ್ಯಾಕಿನ ಪಕ್ಕದಲ್ಲೇ ಬೆಳೆದ ವಾಂಡಾಗೆ ಅಷ್ಟು ಸಾಕಾಯಿತು. ತೂಕ ಸರಿದೂಗಿಸಲು ಕಾರಿನ ಚೌಕಟ್ಟಿಗೆ ಬಿಗಿಯುವ ಸೀಸದ ಗಟ್ಟಿಗಳಿಗೆ ಬಿಳಿ ಬಣ್ಣ ಹೊಡೆದು ಕಾರಿನ ಸಂಖ್ಯೆ ಬರೆದಿರಬೇಕೆಂಬುದು ಇಲ್ಲಿಯ ನಿಯಮ.

"ಗೇಟು ಹಾಕ್ಸು. ಇಪ್ಪತ್ತಾರು ಗಾಡೀದೂ ಸೀಸ ನೋಡ್ಬೇಕು."

"ಕೊಂದೋನು ಅದನ್ನ ಇನ್ನೂ ಇಟ್ಕೊಂಡಿರ್ತಾನಾ ಮೇಡಂ? ಅಷ್ಟು ದಡ್ಡನಾ?"

"ಬಿಸಾಕಿದ್ರೆ ಗಾಡಿ ತೂಕ ಕಮ್ಮಿ ಬರತ್ತೆ, ಓಟಕ್ಕೆ ಬಿಡಲ್ಲ."

"ತೂಗೋನೇ ಸತ್ತು ಬಿದ್ದಿದ್ದಾನಲ್ಲ!"

"ಇಲ್ಲಿಯೋರು ಪೊಲೀಸ್ರಿಗೆ ಹೆದರಲ್ಲ ಕಣೋ, ತಪಾಸಣೆಗೆ ಹೆದರ್ತಾರೆ. ನಡಿ."

3.10. ಹದಿನೇಳನೆಯದಾಗಿ ನೋಡಿದ್ದು 57ನೇ ಸಂಖ್ಯೆಯ ಕಾರು. ಅದುವರೆಗೆ ನೋಡಿದ ಸೀಸವೆಲ್ಲ ಎಣ್ಣೆ, ಧೂಳು ಹತ್ತಿ ಕಪ್ಪಾಗಿತ್ತು. ಇದರಲ್ಲಿ ಒಂದು ಗಟ್ಟಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಮುಟ್ಟಿದರೆ ಒಡೆಲ್‌ನ ಕೈಗವಸಿಗೆ ಬಣ್ಣ ಅಂಟಿತು. ಬೋಲ್ಟಿನ ತೂತಿನೊಳಗೆ ರಕ್ತವೂ ನರೆಗೂದಲೂ ಇದ್ದವು.

ಕಾರಿನ ಒಡೆಯ, ಅರವತ್ತರ ವರ್ಜಿಲ್ ಲೌಡರ್, ಪಕ್ಕದಲ್ಲೇ ನಿಂತಿದ್ದ.

"ಯಾವಾಗ ಬಣ್ಣ ಹೊಡೆದ್ರಿ ಲೌಡರ್ ಅವರೇ?"

"ಹೋದ ವಾರ."

"ಇನ್ನೂ ಒಣಗಿಲ್ವಲ್ಲ?"

ವರ್ಜಿಲ್ ಚಕ್ರದ ಸ್ಪ್ಯಾನರ್ ಬೀಸಿದ. ಒಡೆಲ್‌ನ ಮೂಗು ಲಟಕ್ಕನೆ ಮುರಿದು ರಕ್ತ ಸುರಿಯಿತು. ಎರಡನೇ ಏಟಿಗೆ ಕೈಯೆತ್ತುವಷ್ಟರಲ್ಲಿ ವಾಂಡಾ ಅವನನ್ನು ನೆಲಕ್ಕೆ ಕೆಡವಿ ಬೆನ್ನಿಗೆ ಮೊಣಕಾಲು ಒತ್ತಿದಳು. 3.25ಕ್ಕೆ ಬಂಧನ.

ಸಂಜೆ 5.00, ಹೇಳಿಕೆ. ಹಕ್ಕುಗಳನ್ನು ಓದಿ ಹೇಳಿದರೂ ವರ್ಜಿಲ್ ವಕೀಲ ಬೇಡವೆಂದ.

"ಯಾಕೆ ಹೊಡೆದ್ರಿ?"

"ಹೋದ ವರ್ಷ ನನ್ ಮಗಳು ಕಾರ್ಲೀನ್ ಇದೇ ಟ್ರ್ಯಾಕಿನ ಗೋಡೆಗೆ ಕಾರು ಗುದ್ದಿ ಸತ್ಲು. ಸೀಟ್ ಬೆಲ್ಟು ಕಿತ್ಕೊಂಡು ಬಂತು. ಅವಧಿ ಮುಗಿದ ಬೆಲ್ಟು. ಹಾರ್ಲನ್ ನೋಡೀನೂ ಪಾಸ್ ಮಾಡಿದ್ದ."

"ಇವತ್ತೇನಾಯ್ತು?"

"ಇವತ್ತು ತಂಗಿ ಮಗ ಓಡಿಸ್ಬೇಕಿತ್ತು. ಗಾಡಿ ತೂಕ ಸ್ವಲ್ಪ ಕಮ್ಮಿ ಬಂತು, ಸೀಸ ತಗೊಂಡ್ ಹೋದೆ. ಬೆಲ್ಟು ಮುಟ್ಟೂ ನೋಡ್ಲಿಲ್ಲ ಮೇಡಂ! ಪಾಸ್ ಚೀಟಿ ಅಂಟಿಸಿ, ನಿನ್ ಗಾಡೀಗೆ ಎಂಥಾ ತಪಾಸಣೆ ಮಾರಾಯ ಅಂತ ನಕ್ಕ. ಆಮೇಲೆ ಕೈ ನಿಲ್ಲಲಿಲ್ಲ."

"ಹೋದ ವರ್ಷ ಆ ಬೆಲ್ಟನ್ನ ಯಾಕೆ ಪಾಸ್ ಮಾಡಿದ?"



"ನಾನೇ ಕೇಳ್ಕೊಂಡಿದ್ದೆ. ಇದೊಂದ್ಸಲ ಬಿಟ್ಬಿಡಪ್ಪ, ಮಗಳು ಆಸೆ ಪಡ್ತಿದಾಳೆ ಅಂತ. ಆಗಲ್ಲ ಅನ್ಬೇಕಿತ್ತು ಅವನು. ಅದೇ ಅಲ್ವಾ ಅವನ ಕೆಲಸ, ಆಗಲ್ಲ ಅನ್ನೋದು?"

ವಾಂಡಾ ಅದನ್ನು ಅವನು ಹೇಳಿದ ಹಾಗೆಯೇ ಬರೆದುಕೊಂಡು ಸಹಿಗೆ ಕಾಗದ ಮುಂದಿಟ್ಟಳು.