ಎತ್ತಿಟ್ಟ ಮಷೀನಿನ ಕೆಳಗೆ

"ಏಯ್! ಹೊರಗೆ ಬಾ! ಬಾ ಅಂದ್ರೆ ಹೊರಗೆ!"

ಅಮ್ಮನ ಕೂಗು ಶಾಲೆಯ ಮೈದಾನದ ಆಚೆ ತುದಿಯವರೆಗೂ ಕೇಳಿಸಿತು. ಬುಗುರಿ ಆಗಷ್ಟೇ ಚೆಂಡಿಗೆ ಕೈ ಚಾಚಿದ್ದಳು. ಅಷ್ಟರಲ್ಲಿ ಅಮ್ಮ ಓಡಿ ಬಂದು, ಅವಳ ಎರಡೂ ಕಾಲು ಹಿಡಿದು ದರದರ ಎಳೆದೇಬಿಟ್ಟಳು. ಬುಗುರಿಯ ಮೊಣಕೈ ತರಚಿತು. ಚೆಂಡು ಮಾತ್ರ ಮಷೀನಿನ ಕೆಳಗೇ ಉಳಿಯಿತು.

"ಬುದ್ಧಿ ಇದೆಯಾ ನಿಂಗೆ?"

"ಮಷೀನ್ ಆಫ್ ಆಗಿತ್ತಲ್ಲಮ್ಮಾ..."

"ಬಾಯಿ ಮುಚ್ಚು!"

ಅಮ್ಮನ ಕೈ ಗಡಗಡ ನಡುಗುತ್ತಿತ್ತು. ಅಬ್ಬಾ, ಇಷ್ಟೊಂದು ಸಿಟ್ಟಾ ಎಂದುಕೊಂಡಳು ಬುಗುರಿ. ಕಾಂಪೌಂಡ್ ಗೋಡೆಯ ಮೇಲೆ ಅವಳ ಕ್ಲಾಸಿನ ಅರ್ಧ ಮಕ್ಕಳು ಸಾಲಾಗಿ ಕೂತಿದ್ದರು. ಯಾರೋ ಕಿಸಕ್ಕೆಂದು ನಕ್ಕರು.

ಅಮ್ಮ ಟ್ರಾಕ್ಟರ್ ಓಡಿಸುತ್ತಾಳೆ. ಟ್ರಾಕ್ಟರಿನ ಹಿಂದೆ ಬೋರಲು ಹಾಕಿದ ದೊಡ್ಡ ತಟ್ಟೆಯಂಥ ಕಬ್ಬಿಣದ ಮಷೀನಿದೆ. ಅದರ ಹೊಟ್ಟೆಯೊಳಗೆ ಎರಡು ದಪ್ಪ ಬ್ಲೇಡುಗಳು ಗಿರ್ರನೆ ತಿರುಗಿ, ಎದೆಯೆತ್ತರದ ಹುಲ್ಲನ್ನೂ ಪೊದೆಯನ್ನೂ ಕತ್ತರಿಸಿ ಹಾಕುತ್ತವೆ. ಮೈದಾನದ ಹುಲ್ಲು ಹೊಡೆಯಲು ಹೆಡ್‌ಮಾಸ್ಟರು ಅಮ್ಮನನ್ನೇ ಕರೆದಿದ್ದರು. "ಅದು ನಮ್ಮಮ್ಮನ ಮಷೀನು" ಎಂದು ಬೆಳಗ್ಗೆಯಿಂದ ಬುಗುರಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದಳು. ಅಮ್ಮ ಮಷೀನನ್ನು ಮೇಲಕ್ಕೆತ್ತಿ ನಿಲ್ಲಿಸಿ ನೀರು ಕುಡಿಯಲು ಹೋದಾಗ ಚೆಂಡು ಅದರ ಕೆಳಗೆ ಉರುಳಿತ್ತು. ಬೇರೆಯವರೆಲ್ಲ ಹೆದರಿ ನಿಂತರು. ನಮ್ಮದೇ ಮಷೀನಲ್ಲವೇ, ನನಗೇನು ಭಯ ಎಂದು ಬುಗುರಿ ನುಗ್ಗಿದ್ದಳು.

ಮರುದಿನ ಶಾಲೆಯಲ್ಲಿ ಅದೇ ಮಾತು. ಬುಗುರಿ ಪೆನ್ಸಿಲ್ ಎತ್ತಿಕೊಳ್ಳಲು ಡೆಸ್ಕಿನ ಕೆಳಗೆ ಬಗ್ಗಿದಳೋ ಇಲ್ಲವೋ, ಅವರ ಕ್ಲಾಸಿನ ಗೋಲ್‌ಕೀಪರ್ ಹುಡುಗ ಸೊಂಟದ ಮೇಲೆ ಕೈಯಿಟ್ಟು, "ಏಯ್! ಬುದ್ಧಿ ಇದೆಯಾ ನಿಂಗೆ?" ಎಂದ. ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಬುಗುರಿಯ ಕಿವಿ ಬಿಸಿಯಾಯಿತು.

ಅವತ್ತಿನಿಂದ ಮನೆಯಲ್ಲಿ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅಮ್ಮ ಏನು ಕೇಳಿದರೂ ಹೂಂ, ಊಹೂಂ. ಅಷ್ಟೇ.

"ಊಟ ಬೇಕಾ?"

"ಹೂಂ."

"ಇನ್ನೂ ಸಿಟ್ಟಾ?"

"ಊಹೂಂ."

"ಒಂದು ಕಡೆ ನಿಲ್ಲದ ಬುಗುರಿ ಮೂಲೇಲಿ ಕೂತಿದೆ ಅಂದ್ರೆ ಮಳೆ ಬರೋದು ಗ್ಯಾರಂಟಿ" ಎಂದಳು ಅಜ್ಜಿ, ಬೀನ್ಸ್ ಮುರಿಯುತ್ತ. ಬುಗುರಿಗೆ ನಗು ಬಂದರೂ ತಡೆದುಕೊಂಡಳು.

ಶನಿವಾರ ಸಂಜೆ ಅಮ್ಮ ಬೇಗ ಮನೆಗೆ ಬಂದಳು. ಮುಖ ಸಪ್ಪಗಿತ್ತು.

"ಮಷೀನು ಅದುರ್ತಾ ಇದೆ. ಸೀಟಿನ ಮೇಲೆ ಕೂತ್ರೆ ಹಲ್ಲೆಲ್ಲ ಕಟಕಟ ಅನ್ನುತ್ತೆ. ಹುಲ್ಲನ್ನೂ ಕತ್ತರಿಸ್ತಿಲ್ಲ, ಹರಿದು ಹಾಕ್ತಿದೆ" ಎಂದು ಅಜ್ಜಿಗೆ ಹೇಳಿದಳು. "ಮೈದಾನ ಅರ್ಧ ಆಗಿದೆ. ಕ್ಷೌರ ಮಾಡೋವಾಗ ಕರೆಂಟ್ ಹೋದ ತಲೆ ಥರ ಕಾಣ್ತಿದೆ. ಸೋಮವಾರ ಮಕ್ಕಳಿಗೆ ರನ್ನಿಂಗ್ ರೇಸ್ ಬೇರೆ."

ಬುಗುರಿಯ ಕಿವಿ ನೆಟ್ಟಗಾಯಿತು. ರೇಸಿಗೆ ಅವಳೂ ಹೆಸರು ಕೊಟ್ಟಿದ್ದಳು.

"ಯಾಕೆ ಹೀಗೆ ಅದುರ್ತಿರಬಹುದು?" ಅಮ್ಮ ತನ್ನಷ್ಟಕ್ಕೇ ಗೊಣಗಿದಳು. "ನಟ್ಟು ಟೈಟಾಗಿದೆ. ತಂತಿ ಗಿಂತಿ ಏನೂ ಸುತ್ತಿಕೊಂಡಿಲ್ಲ..."

"ಹೋದ ವಾರ ಕಲ್ಲಿಗೆ ತಾಗಿದಾಗ ನೀನು ಒಂದೇ ಬ್ಲೇಡ್ ಉಜ್ಜಿದ್ದೆ ಅಲ್ವಾ?" ಎಂದುಬಿಟ್ಟಳು ಬುಗುರಿ. ಆಮೇಲೆ ತಾನು ಮುನಿಸಿಕೊಂಡಿರುವುದು ನೆನಪಾಗಿ ಫಕ್ಕನೆ ಬಾಯಿ ಮುಚ್ಚಿಕೊಂಡಳು.

ಅಮ್ಮ ಅವಳನ್ನೇ ನೋಡಿದಳು. "ಅಯ್ಯೋ, ಹೌದಲ್ಲ! ಒಂದು ಹಗುರ ಆಗಿದೆ, ಇನ್ನೊಂದು ಭಾರ. ಅದುರದೆ ಇನ್ನೇನು ಮಾಡುತ್ತೆ!"

ಭಾನುವಾರ ಬೆಳಗ್ಗೆ ಮನೆಯ ಹಿಂದಿನ ತಗಡಿನ ಶೆಡ್ಡಿನ ಮುಂದೆ ಕೆಲಸ ಶುರುವಾಯಿತು. ಅಮ್ಮ ಮಷೀನನ್ನು ಮೇಲಕ್ಕೆತ್ತಿ, ಇಂಜಿನ್ ಆಫ್ ಮಾಡಿದಳು. ಅದರ ನಾಲ್ಕೂ ಮೂಲೆಯ ಕೆಳಗೆ ಮರದ ದಪ್ಪ ದಿಮ್ಮಿಗಳನ್ನು ಸೇರಿಸಿ, ಒದ್ದು ನೋಡಿದಳು. ಆಮೇಲೆ ಟ್ರಾಕ್ಟರಿನ ಕೀ ತೆಗೆದು ಬುಗುರಿಯ ಕೈಯಲ್ಲಿಟ್ಟಳು.

"ಇದು ನಿನ್ನ ಹತ್ರ ಇರ್ಲಿ. ನಾನು ಕೆಳಗಿಂದ ಬರೋವರೆಗೂ ಯಾರಿಗೂ ಕೊಡಬೇಡ. ದೇವರು ಬಂದು ಕೇಳಿದ್ರೂ ಕೊಡಬೇಡ."

"ಹೂಂ."

"ಆ ಕೆಂಪು ಗುಂಡಿನ ಲಿವರ್ ಇದೆಯಲ್ಲ, ಅದನ್ನೂ ಯಾರೂ ಮುಟ್ಟಬಾರದು. ಇಂಜಿನ್ ಆಫ್ ಇದ್ರೂ ಅದನ್ನ ಎಳೆದ್ರೆ ಮಷೀನು ದಬಕ್ ಅಂತ ಇಳಿಯುತ್ತೆ. ಬರೀ ಎಣ್ಣೆಯ ಒತ್ತಡದಲ್ಲಿ ಮೇಲೆ ನಿಂತಿರೋದು ಅದು."

ಬುಗುರಿ ಲಿವರನ್ನು ನೋಡಿದಳು. ಇಂಜಿನ್ ಆಫ್ ಇದ್ದರೆ ಏನೂ ಆಗದು ಎಂದೇ ಅವಳು ತಿಳಿದಿದ್ದಳು.

ಅಮ್ಮ ಉದ್ದನೆಯ ಸ್ಪ್ಯಾನರ್ ಹಿಡಿದು ಕೆಳಗೆ ತೂರಿದಳು. ಉಸ್ಸಪ್ಪಾ ಎನ್ನುತ್ತ ನಟ್ಟು ಬಿಚ್ಚಿ ಎರಡೂ ಬ್ಲೇಡುಗಳನ್ನು ಹೊರಗೆ ತಂದಳು. ಬುಗುರಿ ಅಡುಗೆಮನೆಗೆ ಓಡಿ ಅಜ್ಜಿಯ ತರಕಾರಿ ತಕ್ಕಡಿ ಹೊತ್ತು ತಂದಳು.

"ನನ್ನ ಟೊಮೆಟೊ ತೂಗೋ ತಕ್ಕಡೀಲಿ ಗ್ರೀಸು ಮೆತ್ತಿದ ಕಬ್ಬಿಣಾನಾ?" ಅಜ್ಜಿ ಹಿಂದೆಯೇ ಬಂದಳು. ಆದರೆ ತಕ್ಕಡಿಯನ್ನು ಎತ್ತಿ ಹಿಡಿದದ್ದೂ ಅವಳೇ. ಒಂದು ತಟ್ಟೆ ಸರ್ರನೆ ಕೆಳಗಿಳಿಯಿತು.

"ನೋಡಿದ್ಯಾ?" ಎಂದಳು ಅಮ್ಮ.

ಭಾರದ ಬ್ಲೇಡನ್ನು ಅಮ್ಮ ಗ್ರೈಂಡರಿನಲ್ಲಿ ಉಜ್ಜಿದಳು. ಕಿಡಿಗಳು ಚಿರಚಿರ ಹಾರಿದವು. ಉಜ್ಜುವುದು, ತೂಗುವುದು. ಮತ್ತೆ ಉಜ್ಜುವುದು, ಮತ್ತೆ ತೂಗುವುದು.

"ಇನ್ನೂ ಚೂಪು ಮಾಡಮ್ಮ" ಎಂದಳು ಬುಗುರಿ.

"ಬೇಡ. ಬ್ಲೇಡು ತುಂಬಾ ತೆಳು ಆದ್ರೆ ಸಣ್ಣ ಕಲ್ಲು ಸಿಕ್ಕರೂ ಬಾಯಿ ಮುರಿಯುತ್ತೆ. ಸ್ವಲ್ಪ ಮೊಂಡು ಇರಬೇಕು."

ಕೊನೆಗೆ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ಅಜ್ಜಿ ತಕ್ಕಡಿ ತೊಳೆಯಲು ಒಳಗೆ ಹೋದಳು. ಅಮ್ಮ ಬ್ಲೇಡುಗಳನ್ನು ಜೋಡಿಸಲು ಮತ್ತೆ ಮಷೀನಿನ ಕೆಳಗೆ ಸರಿದಳು. ಹೊರಗೆ ಅವಳ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಹಿಮ್ಮಡಿಗೆ ಹುಲ್ಲಿನ ಚೂರು ಅಂಟಿತ್ತು. ಅಷ್ಟು ದೊಡ್ಡ ಕಬ್ಬಿಣದ ಕೆಳಗೆ ಅಮ್ಮನ ಪಾದ ಅಜ್ಜಿಯ ಪಾದಕ್ಕಿಂತ ಚಿಕ್ಕದಾಗಿ ಕಂಡಿತು. ಬುಗುರಿ ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಗ ಗೂಡ್ಸ್ ಆಟೋ ಸದ್ದಾಯಿತು. ಅಮ್ಮನ ತಮ್ಮ, ಮಾವ. ಅವನು ಬಂದರೆ ಗಾಳಿ ಬಂದ ಹಾಗೆ. ಕೂತು ಟೀ ಕುಡಿದಿದ್ದನ್ನು ಯಾರೂ ಕಂಡಿಲ್ಲ. ಆಟೋದ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳ ಗೋಪುರ, ಅದರ ಪಕ್ಕದಲ್ಲಿ ಅವನ ಇಬ್ಬರು ಗೆಳೆಯರು.

"ಏನು ಬುಗುರಿ ಮೇಡಂ, ದಾರಿಗೆ ಅಡ್ಡ ಇದನ್ಯಾಕೆ ಎತ್ತಿಟ್ಟಿದ್ದೀರಾ? ತಾಳು, ಇಳಿಸಿ ಬಿಡ್ತೀನಿ. ಆಟೋ ಹೋಗಬೇಕು."

ಅವನು ನಿಂತ ಕಡೆಯಿಂದ ಅಮ್ಮನ ಪಾದಗಳು ಕಾಣುತ್ತಿರಲಿಲ್ಲ. ಮಾತು ಮುಗಿಯುವ ಮೊದಲೇ ಟ್ರಾಕ್ಟರಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕೆಂಪು ಗುಂಡಿನ ಕಡೆಗೆ ಕೈ ಚಾಚಿದ.

"ಮುಟ್ಟಬೇಡಾ! ಇಳಿ ಕೆಳಗೆ! ಬುದ್ಧಿ ಇದೆಯಾ ನಿಂಗೆ?"

ಆ ಸ್ವರ ತನ್ನದೆಂದು ಬುಗುರಿಗೇ ಗೊತ್ತಾಗಲಿಲ್ಲ. ಬೇಲಿಯ ಮೇಲಿನ ಕಾಗೆ ಹಾರಿಹೋಯಿತು. ಮಾವನ ಕೈ ಗಾಳಿಯಲ್ಲೇ ನಿಂತಿತು. ಬುಗುರಿ ಹೋಗಿ ಅವನ ಅಂಗಿ ಹಿಡಿದು ಎಳೆಯುತ್ತಿದ್ದಳು.

ಮಾವ ಇಳಿದ. ಆಟೋದಲ್ಲಿದ್ದ ಗೆಳೆಯರು, "ಓಹೋ, ಮಾವನಿಗೇ ಕ್ಲಾಸು!" ಎಂದು ನಕ್ಕರು. ಮಾವನ ಮುಖ ಕೆಂಪಾಯಿತು.

"ಏನೇ ಇದು? ಎಲ್ಲರ ಮುಂದೆ ಹೀಗಾ ಕೂಗೋದು ದೊಡ್ಡವರ ಮೇಲೆ? ಅಷ್ಟು ಸಿಟ್ಟು ಬರೋ ಹಾಗೆ ನಾನೇನು ಮಾಡಿದೆ?"

"ಅಮ್ಮ..." ಎಂದಳು ಬುಗುರಿ. ಬೆರಳು ತೋರಿಸಿದಳು.

ಮಾವ ಬಗ್ಗಿ ನೋಡಿದ. ಪಾದಗಳು ಕಂಡವು. ಅವನ ಮುಖದ ಕೆಂಪು ಇಳಿದುಹೋಯಿತು. ಮೆಲ್ಲಗೆ ನೆಲದ ಮೇಲೇ ಕೂತುಬಿಟ್ಟ.

ಅಮ್ಮ ತೆವಳಿಕೊಂಡು ಹೊರಗೆ ಬಂದಳು. ಕೆನ್ನೆಯ ಮೇಲೆಲ್ಲ ಗ್ರೀಸು.

"ದಿಮ್ಮಿ ಕೊಟ್ಟಿದ್ದೆ ಕಣೋ. ಏನೂ ಆಗ್ತಿರಲಿಲ್ಲ" ಎಂದಳು ತಮ್ಮನಿಗೆ.

ದಿಮ್ಮಿ ಇರುವುದು ಬುಗುರಿಗೂ ಗೊತ್ತಿತ್ತು. ಇಡುವಾಗ ಅವಳೇ ನೋಡಿದ್ದಳು. ಆದರೂ ಕೈ ನಡುಗುತ್ತಿತ್ತು. ನಿಲ್ಲಿಸೋಣವೆಂದು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಆ ಕೈಯೂ ನಡುಗುತ್ತಿತ್ತು.

"ಸಿಟ್ಟಲ್ಲ ಮಾವ" ಎಂದಳು. "ನಂಗೆ ನಿನ್ನ ಮೇಲೆ ಸಿಟ್ಟೇ ಬಂದಿರಲಿಲ್ಲ..."

ಹೇಳುತ್ತಿದ್ದವಳು ತಟ್ಟನೆ ನಿಂತಳು. ತಿರುಗಿ ಅಮ್ಮನನ್ನು ನೋಡಿದಳು.

ಅಮ್ಮ ಬಟ್ಟೆಯ ಚೂರಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು. ಬುಗುರಿಯ ಮೊಣಕೈ ಹಿಡಿದು ತರಚಿದ ಗಾಯ ನೋಡಿದಳು. ಅದು ಆಗಲೇ ಒಣಗಿ ಕಪ್ಪಾಗಿತ್ತು.

"ಅವತ್ತು ನಾನು ಮಷೀನು ಇಳಿಸದೆ ನೀರು ಕುಡಿಯೋಕೆ ಹೋದೆನಲ್ಲ, ಅದು ನನ್ನ ತಪ್ಪು" ಎಂದಳು. "ತುಂಬಾ ನೋವಾಯ್ತಾ?"

"ಊಹೂಂ" ಎಂದಳು ಬುಗುರಿ. ಇದು ಹಿಂದಿನ ಊಹೂಂ ಆಗಿರಲಿಲ್ಲ. ಅಮ್ಮನ ಸೊಂಟ ತಬ್ಬಿಕೊಂಡಳು. ಅವಳ ಕೆನ್ನೆಗೂ ಗ್ರೀಸು ಮೆತ್ತಿತು.

ನಟ್ಟುಗಳನ್ನೆಲ್ಲ ಬಿಗಿ ಮಾಡಿ, ದಿಮ್ಮಿ ತೆಗೆದು, ಅಮ್ಮ ಸೀಟು ಹತ್ತಿದಳು. ಬುಗುರಿ ಕೀ ಕೊಟ್ಟಳು. ಶೆಡ್ಡಿನ ಪಕ್ಕದ ಖಾಲಿ ಜಾಗದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಟ್ರಯಲ್ ಅಲ್ಲೇ.

"ನೋಡೋಣ ನೋಡೋಣ" ಎಂದು ಮಾವ ಮುಂದೆ ಬಂದು ನಿಂತ. ಅವನಿಗೆ ಮತ್ತೆ ಲವಲವಿಕೆ ಬಂದಿತ್ತು.

ಅಮ್ಮ ಕೀ ತಿರುಗಿಸುವ ಮೊದಲು ಹಿಂದಕ್ಕೆ ತಿರುಗಿ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಬುಗುರಿ ಮಾವನ ಕೈ ಹಿಡಿದಾಗಿತ್ತು. "ಕಲ್ಲು ಹಾರುತ್ತೆ, ಬಾ" ಎನ್ನುತ್ತ ಅವನನ್ನು ದೂರದ ಬೇಲಿಯವರೆಗೂ ಎಳೆದುಕೊಂಡು ಹೋದಳು.