ಎಡಗೈ ಹೆಬ್ಬೆರಳು

ಗಡಿಯಾರದಂಗಡಿ ಯಜಮಾನರು ಮಹಡಿಯ ಕೋಣೆಯಲ್ಲಿ, ಹಿಂದಿನ ಮೆಟ್ಟಿಲಿನ ಬಾಗಿಲ ಹತ್ತಿರ ಮಕಾಡೆ ಬಿದ್ದಿದ್ದರು. ಬೆನ್ನಿಗೆ ಒಂದೇ ಗುಂಡು. ಪಕ್ಕದಲ್ಲಿ, ಅದೇ ಕೋಣೆಯ ಮೇಜಿನ ಖಾನೆಯಲ್ಲಿರುತ್ತಿದ್ದ ಅವರ ತಾತನ ಕಾಲದ ರಿವಾಲ್ವರ್.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ಪೇದೆ ಕೇಸು ಮುಗಿಸಿದ್ದ. ಯಜಮಾನರ ತಮ್ಮನ ಕೈಗೆ ಬೇಡಿ ಬಿದ್ದಿತ್ತು.

"ಗುಂಡಿನ ಸದ್ದಾದಾಗ ಇವ್ರು ಕೆಳಗೆ ಅಂಗಡಿ ತೆಗೀತಿದ್ರಂತೆ. ಸುಳ್ಳು ಮೇಡಂ. ಆ ರಿವಾಲ್ವರ್‌ಗೆ ಎಣ್ಣೆ ಹಾಕೋದು, ಹಾರಿಸಿ ನೋಡೋದು ಎಲ್ಲ ಇವ್ರೇ."

"ಭೇಷ್! ಚಾಕು ಕೇಸಿದ್ರೆ ತರಕಾರಿ ಹೆಚ್ಚೋರನ್ನೆಲ್ಲ ಎಳ್ಕೊಂಡು ಬಾ."

ಬಾಗಿಲಲ್ಲಿ ಯಜಮಾನರ ಮಗಳು ನಿಂತಿದ್ದಳು. ಕಣ್ಣಿನ ಕೆಳಗೆ ಹಳೆಯ ಏಟು ಹಸಿರುಗಟ್ಟಿತ್ತು.

"ನನ್ನ ಕಳಿಸಲ್ಲ ಅಂತಿದ್ದ ಅಪ್ಪ ಹೋದ್ರು. ಚಿಕ್ಕಪ್ಪನೂ ಹೋದ್ರೆ ನಂಗ್ಯಾರೂ ಇಲ್ಲ ಮೇಡಂ. ಮತ್ತೆ ಇವರ ಜೊತೆ ಹೋಗಿ ಸಾಯ್ಬೇಕು."

'ಇವರು' ಎಂದರೆ ಗಂಡ. ಸಾವಿನ ಸುದ್ದಿ ಕೇಳಿ ಬಂದವನು ಹಜಾರದ ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎಡಗೈ ಹೆಬ್ಬೆರಳಿಗೆ ಬ್ಯಾಂಡೇಜು.

"ಏನಾಯ್ತು?"

"ಟೀ ಮಾಡುವಾಗ ಆವಿ ಹೊಡೀತು." ಕೇಳದೆಯೇ ತನ್ನ ಪಿಸ್ತೂಲನ್ನು ಮೇಜಿನ ಮೇಲಿಟ್ಟ. "ಇದು ನಂದು. ಲೈಸೆನ್ಸ್ ಇದೆ. ಹದಿನೈದು ಗುಂಡು, ಬೆಣ್ಣೆ ಥರ. ಶೂಟಿಂಗ್ ಕ್ಲಬ್ಬಲ್ಲಿ ನಾನೇ ಫಸ್ಟು. ಆ ಮುದಿ ಕಬ್ಬಿಣ ನಾನ್ಯಾಕೆ ಮುಟ್ಲಿ ಮೇಡಂ?"

ಇನ್ಸ್‌ಪೆಕ್ಟರಮ್ಮ ಪಿಸ್ತೂಲನ್ನು ಮೂಸಿದಳು. ಮದ್ದಿನ ವಾಸನೆಯಿಲ್ಲ. ಪಿಸ್ತೂಲು ಹಾರಿಸಿದರೆ ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ. ಹೆಣವಿದ್ದ ಕೋಣೆಯ ನೆಲದ ಮೇಲೆ ಅಂಥದ್ದೇನೂ ಇರಲಿಲ್ಲ. ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆಯೊಳಗೇ ಖಾಲಿ ತೋಟಾ ಕೂತಿತ್ತು.

"ನಾನ್ ಹೇಳ್ಲಿಲ್ವಾ?" ಪೇದೆ ಬೀಗಿದ.

"ನೀನು ಬಾಯಿ ಮುಚ್ಚು."

* * *

ಇನ್ಸ್‌ಪೆಕ್ಟರಮ್ಮ ಯಜಮಾನರ ತಮ್ಮನ ಬೇಡಿ ಬಿಚ್ಚಿಸಿದಳು. "ರಿವಾಲ್ವರ್ ಹೇಗೆ ಹಿಡೀತೀರಿ? ಬರಿಗೈಯಲ್ಲಿ ತೋರ್ಸಿ."

ಅವನು ಬಲಗೈ ಚಾಚಿದ. ಎಡಗೈ ಸೊಂಟದ ಮೇಲೆ ಹೋಯಿತು. "ಅಪ್ಪ ಕಲಿಸಿದ್ದು. ಆ ಕೈ ದೂರ ಇಡು ಅಂತಿದ್ರು."

ಎರಡು ಕೈಗಳಲ್ಲೂ ಸುಟ್ಟ ಗುರುತಿರಲಿಲ್ಲ.

"ಈಗ ನೀವು, ಫಸ್ಟ್ ಬಂದೋರು."

ಅಳಿಯ ನಕ್ಕ. ಖಾಲಿ ಮಾಡಿದ ಪಿಸ್ತೂಲನ್ನು ಎರಡು ಕೈಯಲ್ಲಿ ಹಿಡಿದ. ಎಡ ಹೆಬ್ಬೆರಳು ಪಿಸ್ತೂಲಿನ ಪಕ್ಕದಲ್ಲಿ ಮುಂದಕ್ಕೆ ಚಾಚಿಕೊಂಡಿತು.

"ಬ್ಯಾಂಡೇಜ್ ಬಿಚ್ಚಿ."

"ಮೇಡಂ, ಇದು ಅತಿಯಾಯ್ತು..."

"ಬಿಚ್ತೀರೋ, ಬಿಚ್ಚಿಸ್ಲೋ?"

ಬೆರಳಿನ ಬದಿ ಸುಟ್ಟಿತ್ತು. ಚರ್ಮದೊಳಗೆ ಕರಿ ಎಳ್ಳಿನಂಥ ಚುಕ್ಕೆಗಳು.

"ಆವಿಗೆ ಬೊಬ್ಬೆ ಬರುತ್ತೆ ಕಣ್ರೀ, ಮಸಿ ಒಳಗಿಳಿಯಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. "ಪಿಸ್ತೂಲಿನ ಪಕ್ಕ ಬೆರಳಿಟ್ರೆ ಏನೂ ಆಗಲ್ಲ. ರಿವಾಲ್ವರ್ ಹಾಗಲ್ಲ. ಉರುಳೆಗೂ ನಳಿಕೆಗೂ ಮಧ್ಯೆ ಸಂದಿ ಇರುತ್ತೆ. ಗುಂಡು ಹಾರಿದಾಗ ಅಲ್ಲಿಂದ ಬೆಂಕಿ, ಮಸಿ ಪಕ್ಕಕ್ಕೂ ನುಗ್ಗುತ್ತೆ. ನಿಮ್ಮ ಬೆರಳು ಅಲ್ಲೇ ಇತ್ತು. ಮುದಿ ಕಬ್ಬಿಣ ಅಂತ ಹೀಯಾಳಿಸಿದ್ರಿ, ಹಿಡಿಯೋಕೆ ಮಾತ್ರ ಕಲೀಲಿಲ್ಲ. ನಿಮ್ಮ ಪಿಸ್ತೂಲು ಬಳಸಿದ್ರೆ ಹೆಸರು ಹೊರಬೀಳುತ್ತೆ. ಇದಾದ್ರೆ ಮಗಳನ್ನ ಕಳಿಸಲ್ಲ ಅಂದ ಮಾವ ಮಸಣಕ್ಕೆ, ಚಿಕ್ಕಪ್ಪ ಜೈಲಿಗೆ, ಹೆಂಡತಿ ಮತ್ತೆ ನಿಮ್ಮ ಏಟಿಗೆ."

ಅವನು ಬ್ಯಾಂಡೇಜನ್ನು ನೆಲಕ್ಕೆಸೆದ. "ಆ ಮುದುಕ ನನ್ನನ್ನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸ್ದ! ನನ್ನನ್ನ!"

"ಅದಕ್ಕೆ ಹಿಂದಿನ ಮೆಟ್ಟಿಲು ಹತ್ತಿದ್ರಾ? ಬೆನ್ನಿಗೆ ಹೊಡೆಯೋ ಶೂರ."

ಪೇದೆ ಅವನ ಕೈಗೆ ಬೇಡಿ ತೊಡಿಸಿದ.

"ಮೇಡಂ, ನಾನು ಈ ಮನೆ ಅಳಿಯ. ಸ್ವಲ್ಪ ಮರ್ಯಾದೆಯಿಂದ ಕರ್ಕೊಂಡು ಹೋಗಿ."

ಮಗಳು ಅವನತ್ತ ತಿರುಗಿಯೂ ನೋಡಲಿಲ್ಲ.

"ಚಿಕ್ಕಪ್ಪಾ, ಅದು ಆಚೆ ಹೋದ್ಮೇಲೆ ಬಾಗಿಲು ಹಾಕ್ಕೊಳ್ಳಿ. ನೊಣ ಬರುತ್ತೆ."