ಎದ್ದು ಕೂತ ಹೆಣ

ಸತ್ತವರು ಮೂಗು ಕೆರೆದುಕೊಳ್ಳುವ ಹಾಗಿಲ್ಲ. ಗುಂಡುಪಿನ್ನಿಗೆ ಅದು ಗೊತ್ತಿತ್ತು. ಅವಳ ಮೂಗು ಹತ್ತುತ್ತಿದ್ದ ಇರುವೆಗೆ ಗೊತ್ತಿರಲಿಲ್ಲ.

ಉಸಿರು ಬಿಗಿಹಿಡಿದು ಮಲಗಿದ್ದಳು. ಸಣ್ಣ ಮೈ, ಗುಂಡು ತಲೆ. ಅದಕ್ಕೇ ಕ್ಲಾಸಿನವರು ಆ ಹೆಸರಿಟ್ಟಿದ್ದರು. ಕೆನ್ನೆ ತುಂಬ ಕೆಂಪು ಬಣ್ಣ. ಕುತ್ತಿಗೆಯಲ್ಲಿ ಕಪ್ಪು ಕಾರ್ಡು, ಅದರ ಮೇಲೆ ‘ಮೃತ’ ಎಂದು ಬರೆದಿತ್ತು. ತಲೆಯ ಹತ್ತಿರ ಚಕ್ರಗಳೇ ಇಲ್ಲದ ಒಂದು ಮುದಿ ಬಸ್ಸು. ಗುಜರಿಯಿಂದ ಎಳೆದು ತಂದ ಆ ಬಸ್ಸಿಗೆ ಇವತ್ತು ಭೀಕರ ಅಪಘಾತ ಆಗಿತ್ತು. ಅದೂ ಆಸ್ಪತ್ರೆಯ ಮೈದಾನದಲ್ಲೇ. ಅದೂ ಮುಖ್ಯ ಅತಿಥಿಗಳು ಬಂದು ಕುರ್ಚಿಯಲ್ಲಿ ಕೂತು, ಜ್ಯೂಸ್ ಕುಡಿದಾದ ಮೇಲೆ.

ಎಲ್ಲ ನಾಟಕ. ದೊಡ್ಡ ಅಪಘಾತವಾದರೆ ಏನು ಮಾಡಬೇಕೆಂದು ನರ್ಸಿಂಗ್ ಕಾಲೇಜಿನವರು ಕಲಿಯುವ ಡ್ರಿಲ್. ಗಾಯಾಳುಗಳು ಬೇಕೆಂದು ಪಕ್ಕದ ಶಾಲೆಯ ಮಕ್ಕಳನ್ನು ಕರೆತಂದಿದ್ದರು. ಎಲ್ಲಿ ಗಾಯ, ಹೇಗೆ ಅಳಬೇಕು ಎನ್ನುವುದೆಲ್ಲ ಕಾರ್ಡಿನಲ್ಲೇ ಇತ್ತು. ಕೆಂಪು ಕಾರ್ಡಿನವರಿಗೆ ಮೊದಲು ಚಿಕಿತ್ಸೆ. ಹಳದಿಯವರಿಗೆ ಆಮೇಲೆ. ಹಸಿರಿನವರು ನಡೆದುಕೊಂಡೇ ಹೋಗಿ ಮರದ ಕೆಳಗೆ ಕೂರಬೇಕು. ಕಪ್ಪಿನವರಿಗೆ ಏನೂ ಇಲ್ಲ. ಬಿಸ್ಕತ್ತು ಕೂಡ ಕೊನೆಗೆ.

ಗುಂಡುಪಿನ್ನಿನ ಅಕ್ಕ ಅದೇ ಕಾಲೇಜಿನಲ್ಲಿ ಓದುತ್ತಿದ್ದಳು. ಇವತ್ತು ತಂಡಕ್ಕೆ ಅವಳೇ ಲೀಡರ್. ಡ್ರಿಲ್ ಅಂದರೆ ಅವಳಿಗೆ ಪರೀಕ್ಷೆ. ಬೆಳಿಗ್ಗೆ ತಂಗಿಗೆ ಜಡೆ ಹಾಕುವಾಗಲೇ ಎಚ್ಚರಿಸಿದ್ದಳು.

“ನೋಡು, ನೀನು ಅಲ್ಲಾಡಿದ್ರೆ ನನ್ನ ಮಾರ್ಕ್ಸೂ ಅಲ್ಲಾಡುತ್ತೆ. ಹೋದ ಸಲ ಫೇಲ್ ಆಗಿದೀನಿ. ಈ ಸಲಾನೂ ಹೋದ್ರೆ ಇಡೀ ವರ್ಷ ಹೋಯ್ತು.”

“ಆಯ್ತು ಬಿಡು, ನೀಟಾಗಿ ಸಾಯ್ತೀನಿ,” ಅಂದಿದ್ದಳು ಗುಂಡುಪಿನ್ನು.

ಮಾರ್ಕ್ಸ್ ಹಾಕುವವರು ಸೀಟಿ ಮೇಡಂ. ಯಾವಾಗಲೂ ಬಾಯಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ಬೆಳಿಗ್ಗೆಯಿಂದ ಅವರಿಗಿದ್ದ ದೊಡ್ಡ ಚಿಂತೆ ಗಾಯಾಳುಗಳದ್ದಲ್ಲ, ಕ್ಯಾಮೆರಾದಲ್ಲಿ ಬ್ಯಾನರ್ ಪೂರ್ತಿ ಕಾಣಬೇಕು ಎನ್ನುವುದು. ಬ್ಯಾನರಿಗೆ ಅಡ್ಡ ಬರುತ್ತಾಳೆಂದು ಗುಂಡುಪಿನ್ನನ್ನು ಎಬ್ಬಿಸಿ, ಬೇರೆ ಜಾಗದಲ್ಲಿ ಇನ್ನೊಂದು ಸಲ ಸಾಯಿಸಿದ್ದರು.

ಬಸ್ಸಿನ ಬಾಗಿಲಲ್ಲಿ ಡಂಗುರ ನಿಂತು ಕಿರುಚುತ್ತಿದ್ದ. ಕ್ಲಾಸಿನಲ್ಲಿ ಅವನದೂ ಗುಂಡುಪಿನ್ನಿನದೂ ಒಂದೇ ಬೆಂಚು. ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳಿಸುವ ಗಂಟಲು ಅವನದು. ಅವನಿಗೆ ಸಿಕ್ಕಿದ್ದು ಹಸಿರು ಕಾರ್ಡು: ‘ತರಚು ಗಾಯ. ಬಹಳ ಅಳುತ್ತಾನೆ. ನಡೆಯಬಲ್ಲ.’ ಓದಿ ಹಿಗ್ಗಿ ಹೀರೇಕಾಯಿ ಆಗಿದ್ದ. ಗುಂಡುಪಿನ್ನಿಗೆ ಹೊಟ್ಟೆ ಉರಿದಿತ್ತು. ಅವನಿಗೆ ಅಳುವ ಪಾತ್ರ, ತನಗೆ ಹೆಣದ ಪಾತ್ರ.

ಡಂಗುರ ಬಾಗಿಲಿನ ಕಂಬಿ ಹಿಡಿದು ಗೋಳಾಡಿದ. ಕುರ್ಚಿಯವರು ಚಪ್ಪಾಳೆ ತಟ್ಟಿದರು. ಮೊದಲೇ ಕೋತಿ, ಮೇಲೆ ಚಪ್ಪಾಳೆ ಬೇರೆ. ಮೆಲ್ಲಗೆ ಇಳಿಯಬೇಕಿದ್ದವನು ಹಾರಿಯೇಬಿಟ್ಟ. ತುಕ್ಕು ಹಿಡಿದ ಮೆಟ್ಟಿಲಿಗೆ ಕಾಲು ಸಿಕ್ಕಿಕೊಂಡಿತು. ಕೈ ಅಡಿಯಾಗಿ ಗುಂಡುಪಿನ್ನಿನ ಪಕ್ಕದಲ್ಲೇ ದೊಪ್ಪನೆ ಬಿದ್ದ.

ಚಪ್ಪಾಳೆ ಇನ್ನೂ ಜೋರಾಯಿತು.

ಕನ್ನಡಕದ ವಿದ್ಯಾರ್ಥಿಯೊಬ್ಬ ಓಡಿಬಂದು ಬಗ್ಗಿದ. ಡಂಗುರನ ಮುಖ ನೋಡಲಿಲ್ಲ, ಕಾರ್ಡು ನೋಡಿದ.

“ಅಣ್ಣಾ, ಕೈ ನೋಯ್ತಿದೆ,” ಅಂದ ಡಂಗುರ. “ನಿಜವಾಗ್ಲೂ.”

“ಹೌದಪ್ಪಾ, ಕಾರ್ಡಲ್ಲೂ ಹಾಗೇ ಇದೆ. ಚೆನ್ನಾಗಿ ಮಾಡ್ತಿದೀಯ. ಎದ್ದು ಮರದ ಕೆಳಗೆ ಹೋಗು.”

ಇನ್ನೊಬ್ಬಳು ಬಂದಳು. ಅವಳೂ ಕಾರ್ಡು ಓದಿದಳು, ಅವಳೂ ಮರ ತೋರಿಸಿದಳು. ಡಂಗುರ ಅತ್ತಷ್ಟೂ ಕಾರ್ಡಿಗೆ ಸರಿಯಾಗಿ ಹೊಂದುತ್ತಿದ್ದ. ಕೈ ಊದಿದ್ದು ಯಾರಿಗೂ ಕಾಣಲಿಲ್ಲ, ಮೊಣಕೈಯಿಂದ ಬೆರಳಿನವರೆಗೆ ಕೆಂಪು ಬಳಿದಿದ್ದರಲ್ಲ.

ಆಮೇಲೆ ಡಂಗುರ ಸುಮ್ಮನಾದ. ಪೇಷಂಟಿಗೆ ಸಮಾಧಾನವಾಯಿತು ಎಂದು ಕನ್ನಡಕದವನು ಖುಷಿಯಾಗಿ ಮುಂದೆ ಹೋದ.

ಗುಂಡುಪಿನ್ನು ಅರ್ಧ ಕಣ್ಣು ತೆರೆದಳು. ಅಲ್ಲಿಯವರೆಗೆ ಅವಳೂ ನಾಟಕವೆಂದೇ ತಿಳಿದಿದ್ದಳು. ಕೊಬ್ಬು ಇವನಿಗೆ ಎಂದು ಮನಸ್ಸಿನಲ್ಲೇ ಬೈದೂ ಇದ್ದಳು. ಆದರೆ ಡಂಗುರ ಸುಮ್ಮನಿದ್ದದ್ದನ್ನು ಅವಳು ನೋಡಿದ್ದು ಒಂದೇ ಸಲ, ಅವನ ನಾಯಿ ಲಾರಿಯಡಿ ಸಿಕ್ಕ ಮಾರನೇ ದಿನ. ಅವತ್ತು ಹಾಜರಿ ಕರೆದಾಗಲೂ ಅವನ ಬಾಯಿಂದ ಸದ್ದು ಬಂದಿರಲಿಲ್ಲ. ಈಗಲೂ ಅದೇ ಮುಖ. ತುಟಿ ಬಿಳುಚಿಕೊಂಡಿತ್ತು. ಆ ಬಿಳಿಯನ್ನು ಯಾರೂ ಬಳಿದಿರಲಿಲ್ಲ.

“ಲೋ, ನಿಜಾನಾ?” ತುಟಿ ಅಲ್ಲಾಡಿಸದೆ ಕೇಳಿದಳು.

ಅವನು ಹೌದೆಂದು ತಲೆಯಾಡಿಸಿದ.

ಆಚೆ ಅಕ್ಕ ಬೆವರು ಒರೆಸಿಕೊಳ್ಳುತ್ತ ಓಡಾಡುತ್ತಿದ್ದಳು. ಪಾಪ, ವಾರವೆಲ್ಲ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದ್ದಳು. ಇಡೀ ವರ್ಷ ಹೋಯ್ತು ಎಂಬ ಮಾತು ಗುಂಡುಪಿನ್ನಿನ ಕಿವಿಯಲ್ಲಿ ಇನ್ನೂ ಇತ್ತು. ಅವಳು ಇನ್ನೂ ಸ್ವಲ್ಪ ಹೊತ್ತು ಸತ್ತೇ ಇದ್ದಳು.

ಆಮೇಲೆ ಎದ್ದು ಕೂತಳು.

ಸೀಟಿ ಕಿವಿ ಹರಿಯುವಂತೆ ಕೂಗಿತು. “ಏಯ್ ಹೆಣ, ಮಲ್ಕೋ,” ಅಂದರು ಸೀಟಿ ಮೇಡಂ.

“ಮೇಡಂ, ಇವನಿಗೆ ನಿಜವಾಗ್ಲೂ ಪೆಟ್ಟಾಗಿದೆ.”

“ಸತ್ತವರು ಮಾತಾಡಲ್ಲ. ಕ್ಯಾಮೆರಾ ನಡೀತಿದೆ, ಮಲ್ಕೋ.”

ಇದೂ ಕಾರ್ಯಕ್ರಮದಲ್ಲಿ ಇದೆಯೇ ಎಂದು ಮುಖ್ಯ ಅತಿಥಿಗಳು ಪಕ್ಕದವರನ್ನು ಕೇಳಿದರು. ಇರಬಹುದು ಎಂದು ಪಕ್ಕದವರು ಚಪ್ಪಾಳೆ ತಟ್ಟಿದರು.

ಗುಂಡುಪಿನ್ನು ಮಲಗಲಿಲ್ಲ. ನಿಂತೇಬಿಟ್ಟಳು. ಎದೆಯ ಮೇಲೆ ‘ಮೃತ’ ತೂಗಾಡುತ್ತಿತ್ತು. “ಅಕ್ಕಾ,” ಎಂದು ಕೂಗಿದಳು.

ಅಕ್ಕ ತಿರುಗಿದಳು. ಅವಳ ಕಣ್ಣು ಮೊದಲು ಸೀಟಿ ಮೇಡಂ ಕಡೆ ಹೋಯಿತು, ಆಮೇಲೆ ತಂಗಿಯ ಕಡೆ. ತನಗೆ ಗ್ರಹಚಾರ ಕಾದಿದೆ ಎಂದುಕೊಂಡಳು ಗುಂಡುಪಿನ್ನು. ಆದರೆ ಅಕ್ಕ ಬಂದವಳೇ ಡಂಗುರನ ಮುಂದೆ ಮಂಡಿಯೂರಿ ಕೂತಳು. ಹಸಿರು ಕಾರ್ಡನ್ನು ಓದದೆ ಅವನ ಬೆನ್ನ ಹಿಂದಕ್ಕೆ ತಳ್ಳಿದಳು.

“ಎಲ್ಲಿ ಪುಟ್ಟಾ ನೋಯ್ತಿರೋದು?”

ಬೆಳಿಗ್ಗೆಯಿಂದ ಆ ಮೈದಾನದಲ್ಲಿ ಯಾರೂ ಯಾರಿಗೂ ಆ ಪ್ರಶ್ನೆ ಕೇಳಿರಲಿಲ್ಲ.

ಅಕ್ಕ ಕರ್ಚೀಫು ಒದ್ದೆ ಮಾಡಿ ಬಣ್ಣ ಒರೆಸಿದಳು. ಕೆಂಪು ಹೋದ ಕಡೆ ನೀಲಿ ಊತ. ಮಣಿಕಟ್ಟು ಸೊಟ್ಟಗಾಗಿತ್ತು.

ಆಮೇಲೆ ನಡೆದದ್ದೇ ನಿಜವಾದ ನಾಟಕ. ಔಷಧಿ ಪೆಟ್ಟಿಗೆ ತೆಗೆದರೆ ಒಳಗೆ ಬಣ್ಣದ ಬಾಟಲಿಗಳು. ಆಂಬುಲೆನ್ಸ್ ಸಾಲಾಗಿ ನಿಂತಿದ್ದವು, ಒಳಗೆ ಸುಳ್ಳು ಗಾಯದವರು ಬಿಸ್ಕತ್ತು ತಿನ್ನುತ್ತಿದ್ದರು. ಸೀಟಿ ಊದದೆ ಗಾಡಿ ತೆಗೆಯುವ ಹಾಗಿಲ್ಲ ಎಂದ ಡ್ರೈವರ್. ಅಷ್ಟು ಡಾಕ್ಟರು, ಅಷ್ಟು ನರ್ಸು, ಅಷ್ಟು ಮೈಕು. ಮುರಿದ ಒಂದು ಕೈಗೆ ಆಸರೆ ಕೊಡಲು ಒಂದು ಪಟ್ಟಿ ಇಲ್ಲ. ಅಕ್ಕ ಅತ್ತಿತ್ತ ನೋಡಿದಳು. ‘ನಾವು ಸದಾ ಸಿದ್ಧ’ ಎಂದು ಬರೆದು ನಿಲ್ಲಿಸಿದ್ದ ರಟ್ಟಿನ ಫಲಕವನ್ನು ಕಿತ್ತು, ಮಡಚಿ, ಡಂಗುರನ ಕೈಯ ಅಡಿಗಿಟ್ಟು ತಂಗಿಯ ಜಡೆಯ ರಿಬ್ಬನ್ನಿನಿಂದ ಕಟ್ಟಿದಳು. ಅವನನ್ನು ಎತ್ತಿಕೊಂಡು ಮೈದಾನ ದಾಟಿದಳು. ಆಸ್ಪತ್ರೆ ಎದುರಿಗೇ ಇತ್ತು. ಅದು ಯಾರಿಗೂ ನೆನಪಿರಲಿಲ್ಲ, ಅಷ್ಟೇ.

ಡ್ರಿಲ್ ಅದರ ಪಾಡಿಗೆ ಮುಂದುವರಿಯಿತು. ಮುಖ್ಯ ಅತಿಥಿಗಳು ‘ಅತ್ಯುತ್ತಮ ನಟನೆ’ ಬಹುಮಾನವನ್ನು ಡಂಗುರನಿಗೇ ಕೊಟ್ಟರು. ಅವನ ಪರವಾಗಿ ಟ್ರೋಫಿ ತೆಗೆದುಕೊಳ್ಳಲು ಹೆಣವನ್ನೇ ಕಳಿಸಿದರು. ಲೀಡರ್ ಮೈದಾನ ಬಿಟ್ಟು ಹೋಗಿದ್ದಕ್ಕೆ, ತಂಡದ ಹೆಣ ಎದ್ದು ಮಾತಾಡಿದ್ದಕ್ಕೆ ಸೀಟಿ ಮೇಡಂ ಅಕ್ಕನನ್ನು ಫೇಲ್ ಮಾಡಿದರು.

ಸಂಜೆ ವಾರ್ಡಿನ ಮೆಟ್ಟಿಲ ಮೇಲೆ ಅಕ್ಕ ಒಬ್ಬಳೇ ಕೂತಿದ್ದಳು. ಕಣ್ಣು ಕೆಂಪಾಗಿತ್ತು. ಗುಂಡುಪಿನ್ನು ಹತ್ತಿರ ಹೋಗಿ ಕೂತಳು.

ಅಕ್ಕನೇ ತಂಗಿಯ ಬಿಚ್ಚಿಹೋದ ಜಡೆಯನ್ನು ಕೈಗೆ ತೆಗೆದುಕೊಂಡು ಹೆಣೆಯತೊಡಗಿದಳು. “ಮುಂದಿನ ವರ್ಷ ನಿನ್ನ ಸಹವಾಸ ಬೇಡ ತಾಯಿ. ನಿಂಗೆ ಸಾಯೋಕೇ ಬರಲ್ಲ.”

ಒಳಗೆ ಡಂಗುರ ಬಿಳಿ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಗುಂಡುಪಿನ್ನು ಟ್ರೋಫಿಯನ್ನು ಅವನ ಪಕ್ಕ ಇಟ್ಟಳು.

“ನೋಯ್ತಿದೆಯೇನೋ?”

“ಏನೂ ಇಲ್ಲಪ್ಪ. ನಂಗೇನಾಗುತ್ತೆ,” ಅಂದ ಡಂಗುರ, ಇಡೀ ವಾರ್ಡಿಗೆ ಕೇಳಿಸುವ ಹಾಗೆ.

ಗುಂಡುಪಿನ್ನು ಅವನ ತುಟಿ ನೋಡಿದಳು. ನೋಡುತ್ತಲೇ ದಿಂಬನ್ನು ಮೆಲ್ಲಗೆ ಎಳೆದು ಪ್ಲಾಸ್ಟರಿನ ಅಡಿಗೆ ಇಟ್ಟಳು.

“ಸ್ವಲ್ಪ ನೋಯ್ತಿದೆ,” ಅಂದ ಡಂಗುರ, ಅವಳೊಬ್ಬಳಿಗೇ ಕೇಳಿಸುವಷ್ಟು ಮೆತ್ತಗೆ.